ಮುತ್ತಯ್ಯನ ಕೈ

ಬೇಯುವ ರೇಷ್ಮೆಗೂಡಿನ ವಾಸನೆಯನ್ನು ಹೊರಗಿನವರು ಸಹಿಸುವುದು ಕಷ್ಟ. ಕುದಿನೀರಿನಲ್ಲಿ ಬೆಂದ ಹುಳು, ಹಸಿ ಸೌದೆಯ ಹೊಗೆ, ಒದ್ದೆ ನೂಲು ಎಲ್ಲ ಸೇರಿ ಗಂಟಲಿಗೆ ಅಡರಿಕೊಳ್ಳುವ ವಾಸನೆ ಅದು. ಹಿಂದೆ ಕೊಳ್ಳೇಗಾಲಕ್ಕೆ ಹೆಣ್ಣು ನೋಡಲು ಬಂದ ನೆಂಟರು ಹೆಗಲ ವಲ್ಲಿಯಿಂದ ಮೂಗು ಮುಚ್ಚಿಕೊಂಡೇ ಬೀದಿ ದಾಟುತ್ತಿದ್ದರು. ಸುವರ್ಣಮ್ಮನಿಗೆ ಮಾತ್ರ ಅದು ಶಾಲೆ ಬಿಟ್ಟು ಮನೆ ಸೇರಿದ ವಾಸನೆ. ತಂದೆ ದೊಡ್ಡಮಾದಪ್ಪನವರ ನೂಲು ಬಿಚ್ಚುವ ಕೊಟ್ಟಿಗೆ ಹಿತ್ತಿಲಲ್ಲೇ ಇತ್ತು. ಚೀಲ ಎಸೆದು ಅಲ್ಲಿಗೆ ಓಡಿದರೆ, ಆವಿಯ ನಡುವೆ ಕೂತ ಹೆಂಗಸರಲ್ಲಿ ಯಾರಾದರೊಬ್ಬರು ಕೈ ಒರೆಸಿಕೊಂಡು, ಸೊಂಟದ ಚೀಲದಿಂದ ಒಂದು ಹಿಡಿ ಹುರಿಗಡಲೆ ತೆಗೆದು ಕೊಡುತ್ತಿದ್ದರು. ಎಳೆ ತುಂಡಾದರೆ ಅವರು ಎರಡೂ ತುದಿಯನ್ನು ನಾಲಿಗೆಗೆ ತಾಗಿಸಿ, ಬೆರಳಲ್ಲಿ ಒಂದೇ ಸಲ ಹೊಸೆದು ಗಂಟು ಹಾಕುತ್ತಿದ್ದರು. ಸುವರ್ಣಮ್ಮ ಅದನ್ನು ನೋಡುತ್ತ ನೋಡುತ್ತಲೇ ಕಲಿತರು. ಅಕ್ಷರಕ್ಕಿಂತ ಮೊದಲು ಅವರ ಕೈಗೆ ಬಂದದ್ದು ಆ ಗಂಟು.

ಕೊಟ್ಟಿಗೆ ಈಗಲೂ ಇದೆ. ಚರಕಗಳು ಹೋಗಿ ಎಷ್ಟೋ ಕಾಲವಾಯಿತು. ಒಬ್ಬಳೇ ಮಗಳೆಂದು ಮನೆ ಸುವರ್ಣಮ್ಮನ ಪಾಲಿಗೆ ಬಂದಿತ್ತು. ಅವರ ಮಗ ಮಹದೇವಪ್ರಸಾದ್ ಅಲ್ಲಿ ಪಂಪ್‌ಸೆಟ್ಟಿನ ಮೋಟಾರು ರಿಪೇರಿ ಮಾಡುತ್ತಾನೆ. ಈ ವರ್ಷ ದಸರಾ ರಜೆ ಕಳೆದ ಮೇಲೆ ಕೊಟ್ಟಿಗೆಯ ಒಂದು ಮೂಲೆ ಮೊಮ್ಮಗಳು ನಾಗಶ್ರೀಯ ವಶವಾಯಿತು. ಪಿಯು ಕಾಲೇಜಿನಲ್ಲಿ ಅವಳ ಜೊತೆ ಓದುವ ಶಾಗ್ಯದ ಶಿವರಾಜು, ಹಾಸ್ಟೆಲಿನಲ್ಲಿರುವ ಕೌದಳ್ಳಿಯ ಪ್ರೇಮಾ, ಮೂವರೂ ಸಂಜೆ ಅಲ್ಲಿ ಸೇರುತ್ತಿದ್ದರು. ಯಳಂದೂರಿನಲ್ಲಿ ನಡೆಯುವ ವಿದ್ಯಾರ್ಥಿಗಳ ರೋಬೋಟ್ ಸ್ಪರ್ಧೆಗೆ ಉಪನ್ಯಾಸಕ ಬಸವಕುಮಾರ್ ಈ ಮೂವರ ಹೆಸರು ಕೊಟ್ಟಿದ್ದರು. ಸ್ಪರ್ಧೆಯ ಕೆಲಸ ಹೇಳುವುದಕ್ಕೆ ಸುಲಭ. ರೋಬೋಟ್ ತಾನಾಗಿಯೇ ಕಪ್ಪು ಗೆರೆ ಹಿಡಿದು ಹೋಗಬೇಕು, ಗೂಡಿನಲ್ಲಿಟ್ಟ ಕೋಳಿಮೊಟ್ಟೆಗಳನ್ನು ಒಂದೊಂದಾಗಿ ಎತ್ತಿಕೊಂಡು ಇನ್ನೊಂದು ತುದಿಯ ಬುಟ್ಟಿಗೆ ಹಾಕಬೇಕು. ಒಡೆಯಬಾರದು. ಯಾರೂ ಕೈ ಹಚ್ಚಬಾರದು, ಗಂಟೆ ಬಾರಿಸುವುದರೊಳಗೆ ಮುಗಿಸಬೇಕು.

ಸುವರ್ಣಮ್ಮ ಮೈಸೂರಿನಲ್ಲಿ ಬಿ.ಎಸ್ಸಿ. ಓದಿ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಸನ್ನೆ, ರಾಟೆ, ಇಳಿಜಾರುಗಳನ್ನು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದಾರೋ ಲೆಕ್ಕವಿಲ್ಲ. ಆದರೆ ಬರೆದದ್ದು ಎದ್ದು ನಡೆಯುವುದನ್ನು ಅವರು ಕಂಡಿರಲಿಲ್ಲ. ಎರಡು ಪ್ಲೈವುಡ್ ತುಂಡು, ನಾಲ್ಕು ಚಕ್ರ, ವೈರಿನ ಸಿಕ್ಕು. ಇಷ್ಟೇ ಇದ್ದ ಆ ವಸ್ತು ಒಂದು ಸಂಜೆ ನೆಲದ ಕಪ್ಪು ಟೇಪಿನ ತಿರುವಿಗೆ ಬಂದು, ಅನುಮಾನಿಸಿ ನಿಂತು, ಮೂಗು ತಿರುಗಿಸಿ ಹೊರಟಾಗ ಅವರು ಕಾಫಿಲೋಟ ಹಿಡಿದಿದ್ದ ಕೈಯನ್ನು ಹಾಗೇ ನಿಲ್ಲಿಸಿಬಿಟ್ಟರು. ಅದಕ್ಕೆ ಹೆಸರಿಟ್ಟವನು ಶಿವರಾಜು.

"ನಮ್ಮೂರಲ್ಲಿ ಮುತ್ತಯ್ಯ ಅಂತ ಒಬ್ರು ಅವ್ರೆ ಅಜ್ಜಿ. ಬೀಡಿ ತಕಳಕ್ಕೆ ಬಗ್ಗಿ ಏಳೋ ಅಷ್ಟ್ರಲ್ಲಿ ಬೆಂಕಿಕಡ್ಡಿ ಆರೋಗಿರ್ತದೆ. ಇದೂ ಅಂಗೇ."

"ಅವ್ರಿಗೆ ಗೊತ್ತಾದ್ರೆ ನಿನ್ ಬೆನ್ ಮೇಲೆ ದೊಣ್ಣೆ ಬೀಳ್ತದೆ," ಎಂದಳು ನಾಗಶ್ರೀ.

"ದೊಣ್ಣೆ ಎತ್ತೋ ಒತ್ಗೆ ನಾನು ಅನೂರು ಪ್ಯಾಟೆ ಸೇರ್ಕಂಡಿರ್ತೀನಿ ಬುಡು."

ಹೀಗೆ ಅದು ಮುತ್ತಯ್ಯನೇ ಆಯಿತು. ನಡಿಗೆಯನ್ನು ಬರೆದವಳು ನಾಗಶ್ರೀ. ಲ್ಯಾಪ್‌ಟಾಪಿನಲ್ಲಿ ಅವಳ ಬೆರಳು ಓಡುವ ರಭಸ ನೋಡಿದರೆ ಅಜ್ಜಿಗೇ ಉಸಿರು ಕಟ್ಟುತ್ತಿತ್ತು. ಮೈ ಕಟ್ಟಿದವನು ಶಿವರಾಜು. ಕೈ ಮಾಡಿದವಳು ಪ್ರೇಮಾ.

ಪ್ರೇಮಾ ಮಾತು ಕಡಿಮೆಯ ಹುಡುಗಿ. ಕೊಟ್ಟಿಗೆಗೆ ಬಂದ ಮೊದಲ ದಿನಗಳಲ್ಲಿ ಸ್ಕ್ರೂಡ್ರೈವರ್ ಬೇಕಾದರೂ ಕೇಳದೆ, ಯಾರಾದರೂ ಕೆಳಗಿಡುವತನಕ ಕಾಯುತ್ತಿದ್ದಳು. ಮೊಟ್ಟೆ ಎತ್ತುವ ಕೈಯ ಬಗ್ಗೆ ಮೂವರೂ ತಲೆ ಕೆಡಿಸಿಕೊಂಡಿದ್ದಾಗ ಅವಳು ಊರಿಗೆ ಹೋಗಿ ಬಂದು, ಮೆಲ್ಲನೆ ಹೇಳಿದಳು: "ನಮ್ಮಟ್ಟಿ ಕೋಳಿ ಕೊಂಬೆ ಮ್ಯಾಲೆ ಕೂತ್ಕತದಲ್ಲ, ಅದು ಕಾಲ್ ಬೆಳ್ಳು ಮುಚ್ಚಾದಿಲ್ಲ. ಕಾಲು ಮಡಚುದ್ರೆ ಬೆಳ್ಳು ತಾನಾಗೇ ಮುಚ್ಕತದೆ. ಒಳಗೆ ದಾರ ಎಳ್ದಂಗೆ. ಅದ್ಕೇ ನಿದ್ದೇಲೂ ಬೀಳಕಿಲ್ಲ."

ಶಿವರಾಜು ನಗಲು ಬಾಯಿ ತೆರೆದವನು ಹಾಗೇ ಮುಚ್ಚಿದ. ಸುವರ್ಣಮ್ಮ ತಮ್ಮ ಮಣಿಕಟ್ಟನ್ನು ತಿರುಗಿಸಿ, ಬೆರಳು ಮಡಚಿ ನೋಡಿಕೊಂಡರು. ಸುಕ್ಕು ಚರ್ಮದ ಕೆಳಗೆ ದಾರಗಳು ಹರಿದಾಡಿದವು. ಇಷ್ಟು ವರ್ಷ ಈ ಕೈಯಲ್ಲಿ ಸೀಮೆಸುಣ್ಣ ಹಿಡಿದದ್ದು, ಮುದ್ದೆ ತೊಳಸಿದ್ದು. ಒಮ್ಮೆಯೂ ಹೀಗೆ ನೋಡಿರಲಿಲ್ಲ.

ಪ್ರೇಮಾ ವೈರಿಂಗ್ ಪೈಪಿನ ತುಂಡುಗಳಿಂದ ಮೂರು ಬೆರಳು ಮಾಡಿದಳು. ಗೆಣ್ಣಿಗೆ ಸೈಕಲ್ ಟ್ಯೂಬಿನ ರಬ್ಬರು, ತುದಿಗೂ ಅದೇ. ಬೆರಳುಗಳ ಒಳಗೆ ದಾರ ಹೋಗಿ ಅಂಗೈಯ ಪುಟ್ಟ ಮೋಟಾರಿಗೆ ಸೇರುತ್ತಿತ್ತು; ಅಳತೆ ಹೊಂದಿಸಲು ಪಕ್ಕದಲ್ಲೊಂದು ಸ್ಕ್ರೂ ಇತ್ತು. ಮೋಟಾರು ಇಷ್ಟೇ ತಿರುಗಬೇಕೆಂದು ನಾಗಶ್ರೀ ಬರೆದಿದ್ದಳು. ದಾರ ಅಷ್ಟೇ ಎಳೆಯಬೇಕು, ಬೆರಳು ಅಷ್ಟೇ ಮುಚ್ಚಬೇಕು. ಆದರೆ ನೈಲಾನ್ ದಾರದ ಗಂಟು ಜಾರುತ್ತಿತ್ತು, ಹತ್ತಿಯ ದಾರ ಸವೆದು ತುಂಡಾಗುತ್ತಿತ್ತು. ಆಗ ಸುವರ್ಣಮ್ಮ ಒಳಗೆ ಹೋಗಿ ಟ್ರಂಕಿನ ತಳದಿಂದ ತಂದೆಯ ಕಾಲದ ಒಂದು ರೇಷ್ಮೆ ನೂಲಿನ ಲಡಿ ತಂದರು. ಮಂಕು ಹಳದಿಯ, ಬೆಳಕಿಗೆ ಹಿಡಿದರೆ ಮಾತ್ರ ಹೊಳೆಯುವ ಲಡಿ. ಎಳೆಗಳನ್ನು ಸೇರಿಸಿ ಹೊಸೆದು, ತುದಿ ನಾಲಿಗೆಗೆ ತಾಗಿಸಿ, ನೂಲನ್ನು ಒದ್ದೆ ಬೆರಳಲ್ಲಿ ಉದ್ದಕ್ಕೂ ನೀವಿ, ಮೂರು ಬೆರಳಿಗೂ ಗಂಟು ಹಾಕಿ ಕೊಟ್ಟರು. ತಾಗಿಸಿದ ಕ್ಷಣ ಆ ಹಳೆಯ ವಾಸನೆ ಸಣ್ಣಗೆ ಮೂಗಿಗೆ ಏರಿತು.

ಅಂದು ಮುತ್ತಯ್ಯ ಮೊದಲ ಮೊಟ್ಟೆ ಎತ್ತಿದ.

ಆ ಮನೆಯಲ್ಲಿ ಮೊಟ್ಟೆ ತರುವುದಿಲ್ಲ. ಹಿತ್ತಿಲ ಚರಂಡಿಯಿಂದ ಆಚೆ ಏನಾದರೂ ಮಾಡಿಕೊಳ್ಳಿ ಎಂದು ಸೊಸೆ ಒಪ್ಪಿದ್ದಳು. ಮೊಟ್ಟೆ ತರುವುದು, ಇಡುವುದು, ಒಡೆದರೆ ಬಳಿಯುವುದು ಪ್ರೇಮಾ ಮತ್ತು ಶಿವರಾಜುವಿನ ಪಾಲಿಗೆ ತಾನಾಗಿ ಬಂದಿತ್ತು. ನಾಗಶ್ರೀ ಲ್ಯಾಪ್‌ಟಾಪಿನ ಹಿಂದೆ ಕೂರುತ್ತಿದ್ದಳು. ಮೂರು ಬೆರಳು ಮೊಟ್ಟೆಯ ಸುತ್ತ ಇಳಿದು, ಮುಚ್ಚಿ, ಅದನ್ನು ನೆಲದಿಂದ ಬಿಡಿಸಿ ಗಾಳಿಗೆ ಎತ್ತಿದಾಗ ಕೊಟ್ಟಿಗೆಯಲ್ಲಿ ಮೋಟಾರಿನ ಸಣ್ಣ ಗುಂಯ್‌ಗುಡಿತ ಬಿಟ್ಟು ಇನ್ನೇನೂ ಕೇಳಲಿಲ್ಲ. ಬುಟ್ಟಿಗೆ ಇಳಿಸಿದ ಮೇಲೆ ಸುವರ್ಣಮ್ಮ ಕೈ ಚಾಚಿದರು.

"ಕೊಡಮ್ಮ, ನೋಡೋಣ."

"ಅಜ್ಜಿ, ನೀವು ಮುಟ್ಟೀರಾ?" ಪ್ರೇಮಾ ಹಿಂಜರಿದಳು.

"ಮುತ್ತಯ್ಯನೇ ಮುಟ್ಟಿದಾನೆ. ನಾನು ಅವನಿಗಿಂತ ದೊಡ್ಡೋಳಾ?"

ಜೀವಮಾನದಲ್ಲಿ ಮೊದಲ ಸಲ ಹಿಡಿದ ಮೊಟ್ಟೆ ಅವರು ಎಣಿಸಿದ್ದಕ್ಕಿಂತ ಭಾರವಾಗಿತ್ತು, ಎಣಿಸಿದ್ದಕ್ಕಿಂತ ಒರಟಾಗಿತ್ತು. ಕಾಗದದಷ್ಟು ತೆಳ್ಳನೆಯ ಗೋಡೆಯ ಒಳಗೆ ಏನೋ ತೂಗಿದಂತಿತ್ತು. ಒಂದು ಯಂತ್ರ ಇದನ್ನು ನೋಯಿಸದೆ ಎತ್ತಿತಲ್ಲ ಎಂದುಕೊಂಡರು.

ಮರುದಿನ ಬೆಳಿಗ್ಗೆ ಅದೇ ಯಂತ್ರ ಮೊಟ್ಟೆಯನ್ನು ಹಿಂಡಿ ಒಡೆದುಹಾಕಿತು.

ಯಾರಿಗೂ ಕಾರಣ ತಿಳಿಯಲಿಲ್ಲ. ಪ್ರೇಮಾ ದಾರ ಬಿಚ್ಚಿ ಕೊಟ್ಟಳು; ಸುವರ್ಣಮ್ಮ ಮತ್ತೆ ಗಂಟು ಹಾಕಿದರು; ಅವಳು ಮತ್ತೆ ಅಳೆದಳು; ಸಂಜೆ ಸರಿಯಾಯಿತು. ಮರುದಿನ ಮತ್ತೆ ಚಿಪ್ಪು, ಲೋಳೆ. ಹೀಗೇ ಎಷ್ಟೋ ಸಲ ಆಯಿತು. ಸಂಜೆ ತಾಯಿಯ ಕೈಯಂತಿದ್ದದ್ದು ಬೆಳಗಾಗುವುದರೊಳಗೆ ಇಕ್ಕಳವಾಗುತ್ತಿತ್ತು.

"ಪ್ರೋಗ್ರಾಂನಲ್ಲಿ ಒಂದಕ್ಷರ ಬದಲಾಯಿಸಿಲ್ಲ ನಾನು," ಎಂದಳು ನಾಗಶ್ರೀ. "ಅಳತೆ ತಪ್ಪುತಾ ಇರೋದು ಕೈಯಲ್ಲೇ. ನೀನು ಹೋಗೋ ಮುಂಚೆ ಏನಾದ್ರೂ ಮುಟ್ತೀಯಾ?"

"ಇಲ್ಲ ಕಣಮ್ಮಿ."

"ಮತ್ತೆ ತಾನಾಗೇ ಆಯ್ತದಾ?"

ಪ್ರೇಮಾ ತನ್ನ ಬೆರಳನ್ನೇ ನೋಡಿಕೊಂಡಳು, ಅವು ತನಗೆ ತಿಳಿಯದಂತೆ ಏನಾದರೂ ಮಾಡಿರಬಹುದು ಎಂಬಂತೆ. ಸುವರ್ಣಮ್ಮನಿಗೆ ಆ ನೋಟ ಗೊತ್ತು. ತರಗತಿಯಲ್ಲಿ ಇಂಥ ಎಷ್ಟೋ ಹುಡುಗಿಯರನ್ನು ಕಂಡಿದ್ದರು. ಯಾವುದೋ ಒಂದು ಗಾಜಿನ ನಳಿಕೆ ಒಡೆದ ದಿನ, ಯಾರೋ ಒಂದು ಮಾತು ಅಂದ ದಿನ, ಕೈಯನ್ನು ಮಡಿಲಿಗೆ ಎಳೆದುಕೊಂಡು ಹಿಂದಿನ ಬೆಂಚಿಗೆ ಹೋಗುತ್ತಾರೆ. ಆಮೇಲೆ ಆ ಕೈ ಏನನ್ನೂ ಮುಟ್ಟಲು ಮುಂದೆ ಬರುವುದಿಲ್ಲ. ಮೊಟ್ಟೆ ಹೋದರೆ ಹೋಗಲಿ, ಈ ಹುಡುಗಿ ಹಾಗೆ ಹಿಂದೆ ಸರಿದುಬಿಟ್ಟರೆ ಏನು ಮಾಡುವುದು ಎಂಬುದೇ ಅವರಿಗೆ ಚಿಂತೆಯಾಯಿತು.

ಸ್ಪರ್ಧೆ ಹತ್ತಿರ ಬಂದಂತೆ ನಾಗಶ್ರೀ ಕೊರಿಯರಿನಲ್ಲಿ ಮೊಟ್ಟೆ ಹಿಡಿಯುವ ಒಂದು ಲೋಹದ ಹಿಡಿಕೆ ತರಿಸಿದಳು. ಅದು ಎರಡೇ ಹಲ್ಲಿನ, ಸ್ಪಂಜು ಅಂಟಿಸಿದ, ಎಲ್ಲ ತಂಡಗಳೂ ಹಾಕಿಕೊಳ್ಳುವಂಥ ಹಿಡಿಕೆ. "ಮೊದಲ್ನೇ ಸುತ್ತಿಗೆ ನಿನ್ ಕೈನೇ ಇರ್ಲಿ," ಎಂದಳು ಪ್ರೇಮಾಗೆ. "ಅಲ್ಲೂ ಒಡೆದ್ರೆ ಎರಡ್ನೇ ಸುತ್ತಿಗೆ ಇದು. ಆಯ್ತಾ?"

"ಊಂ," ಎಂದಳು ಪ್ರೇಮಾ.

ಸ್ಪರ್ಧೆಯ ಹಿಂದಿನ ಸಂಜೆ ಎಲ್ಲ ಹೊಸದಾಗಿ ಕಟ್ಟಿ ನೋಡಿದರು. ಗೂಡಿನಲ್ಲಿಟ್ಟ ಮೊಟ್ಟೆಗಳನ್ನೆಲ್ಲ ಮುತ್ತಯ್ಯ ಹೂವೆತ್ತಿದಂತೆ ಎತ್ತಿದ.

ಬಸವಕುಮಾರರಿಗೆ ಪರೀಕ್ಷೆಯ ಕೆಲಸ ಬಿದ್ದಿತ್ತು. ತಂಡದ ಜೊತೆ ಒಬ್ಬ ಹಿರಿಯರು ಇರಲೇಬೇಕೆಂಬ ನಿಯಮಕ್ಕೆ ಸುವರ್ಣಮ್ಮ ಹೊರಟರು. ಮುತ್ತಯ್ಯನನ್ನು ತರಕಾರಿ ಕುಕ್ಕೆಯಲ್ಲಿ ಕೂರಿಸಿ, ಯಳಂದೂರಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಇಟ್ಟುಕೊಂಡರು. ಗಾಳಿ, ಬಿಸಿಲು ಎರಡೂ ಮುಖಕ್ಕೆ ರಾಚುತ್ತಿತ್ತು.

"ಇದ್ಕೂ ಟಿಕೆಟ್ ತಕಬೇಕಾ ಸಾ?" ಎಂದು ಕೇಳಿದ ಶಿವರಾಜು.

ಕಂಡಕ್ಟರ್ ಕುಕ್ಕೆಯೊಳಗೆ ಬಗ್ಗಿ ನೋಡಿದರು. "ವಯಸ್ಸೆಷ್ಟ್ಲಾ?"

"ಮೂರ್ ತಿಂಗ್ಳು."

"ಅಂಗಾರೆ ತೊಡೆ ಮ್ಯಾಲೆ ಕೂರಿಸ್ಕಳಿ, ಟಿಕೆಟ್ ಬ್ಯಾಡ." ಹೇಳಿ ಮುಂದೆ ಹೋದವರು, ಉಬ್ಬು ಬಂದ ಕಡೆಯೆಲ್ಲ ಡ್ರೈವರಿಗೆ "ನಿಧಾನ್ಕೆ, ಮಗಾ ಅದೆ" ಎಂದು ಕೂಗುತ್ತಿದ್ದರು.

ಸ್ಪರ್ಧೆ ನಡೆದದ್ದು ಒಂದು ಕಲ್ಯಾಣಮಂಟಪದಲ್ಲಿ. ಹಿಂದಿನ ದಿನದ ಮದುವೆಯ ಮಾವಿನ ತೋರಣ ಇನ್ನೂ ಬಾಗಿಲಲ್ಲಿತ್ತು. ವಧೂವರರ ಹೆಸರಿನ ಕೆಳಗೆ ರೋಬೋಟ್ ಸ್ಪರ್ಧೆಯ ಬ್ಯಾನರು ಕಟ್ಟಿದ್ದರು. ಊಟದ ಮೇಜುಗಳ ಮೇಲೆ ತಂಡ ತಂಡವಾಗಿ ಮಕ್ಕಳು ವೈರು ಹರಡಿ ಕೂತಿದ್ದರು. ಮಂಟಪ ನೋಡಿಕೊಳ್ಳುವ ಗುರುಪಾದಸ್ವಾಮಿ ಎನ್ನುವವರು, ಹಣೆಯ ತುಂಬ ವಿಭೂತಿಯವರು, ಬಾಗಿಲಲ್ಲೇ ನಿಂತು ಬಂದವರಿಗೆಲ್ಲ ಹೇಳುತ್ತಿದ್ದರು: "ಈ ಮಂಟಪದಲ್ಲಿ ಈರುಳ್ಳಿ ಕುಯ್ಯಕ್ಕೂ ನನ್ನ ಕೇಳ್ಬುಟ್ಟು ಕುಯ್ತಾರೆ. ನೀವು ಮೊಟ್ಟೆ ತಕಂಡು ಬಂದಿದ್ದೀರಿ. ಒಡೆದೋರೇ ಒರೆಸ್ಬೇಕು, ಅಷ್ಟೇ ನಾ ಯೋಳದು."

ಸುವರ್ಣಮ್ಮ ಮಂಟಪದ ಹಾಲಿನ ಅಂಚಿನ ಕುರ್ಚಿಯಲ್ಲಿ ಕೂತು ನೋಡಿದರು. ಒಂದು ರೋಬೋಟ್ ಗೆರೆ ಬಿಟ್ಟು ತೀರ್ಪುಗಾರರ ಪಾದಕ್ಕೆ ನಮಸ್ಕರಿಸಲು ಹೋದಂತೆ ಹೋಗಿ ನಿಂತಿತು. ಇನ್ನೊಂದು ಮೊಟ್ಟೆಯನ್ನು ಎತ್ತಿ, ಬುಟ್ಟಿಯ ತನಕ ಒಯ್ದು, ಏನೋ ಮರೆತವರಂತೆ ಮತ್ತೆ ವಾಪಸ್ಸು ತಂದಿಟ್ಟಿತು. ಯಾರದ್ದು ಸೋತರೂ ಪಕ್ಕದ ತಂಡದ ಮಕ್ಕಳು ಎದ್ದು ಬಂದು ಬ್ಯಾಟರಿಯೋ ಟೇಪೋ ಕೊಡುತ್ತಿದ್ದರು. ಕೇಳುವ ಮುಂಚೆಯೇ ಕೊಡುತ್ತಿದ್ದರು. ಅದನ್ನು ನೋಡುವುದೇ ಅವರಿಗೆ ಒಂದು ಹಬ್ಬವಾಗಿತ್ತು.

ಮುತ್ತಯ್ಯನ ಸರದಿ ಬಂತು. ನಾಗಶ್ರೀ ಗುಂಡಿ ಒತ್ತಿ ಬಿಟ್ಟಳು. ಅವನು ಗೆರೆ ಹಿಡಿದು ಹೋದ, ಗೂಡಿನ ಮುಂದೆ ನಿಂತ, ಬಗ್ಗಿದ. ಬೆರಳುಗಳು ಇಳಿದವು. ಮುಚ್ಚಿದವು. ಇನ್ನೂ ಮುಚ್ಚಿದವು. ಚಟ್ ಎಂದಿತು. ಹಳದಿ ಲೋಳೆ ಪೈಪಿನ ಬೆರಳುಗಳ ಸಂದಿಯಿಂದ ಇಳಿದು ಗೆರೆಯ ಮೇಲೆ ಹರಡಿತು. ಮುತ್ತಯ್ಯ ಖಾಲಿ ಚಿಪ್ಪನ್ನು ಭಕ್ತಿಯಿಂದ ಹೊತ್ತು ಬುಟ್ಟಿಗೆ ಹಾಕಿ, ಮುಂದಿನದನ್ನು ಒಡೆಯಲು ವಾಪಸ್ಸು ಹೊರಟ. ನಾಗಶ್ರೀ ಓಡಿ ಹೋಗಿ ನಿಲ್ಲಿಸಿದಳು.

"ಹೇಳಿದ್ದೆ ನಾನು," ಎಂದಳು, ಪ್ರೇಮಾಳ ಕಡೆ ತಿರುಗದೆಯೇ. "ನೀನ್ ಕೈ ಹಚ್ಚಿದ್ದೆಲ್ಲಾ ಹಿಂಗೇ."

ದನಿ ಎತ್ತಿ ಹೇಳಿರಲಿಲ್ಲ. ಆದರೂ ಕೇಳಬೇಕಾದವರಿಗೆ ಕೇಳಿತು. ಪ್ರೇಮಾ ಬಟ್ಟೆ ತಂದು, ಮೊಣಕಾಲೂರಿ ನೆಲ ಒರೆಸತೊಡಗಿದಳು. ಗುರುಪಾದಸ್ವಾಮಿ ಬಕೆಟ್ ಹಿಡಿದು ಬಂದು ಹತ್ತಿರ ನಿಂತರು. ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಪಂಚೆ ಮೇಲಕ್ಕೆ ಕಟ್ಟಿ, "ಬುಡವ್ವ ಇತ್ತಗೆ," ಎಂದು ಅವಳ ಕೈಯಿಂದ ಬಟ್ಟೆ ತೆಗೆದುಕೊಂಡು ತಾವೇ ಒರೆಸಿದರು. ಒಡೆದೋರೇ ಒರೆಸಬೇಕೆಂಬ ಮಾತನ್ನು ಯಾರೂ ನೆನಪಿಸಲಿಲ್ಲ.

ಪ್ರೇಮಾ ಮೂಲೆಯ ಮೇಜಿನ ಮೇಲೆ ಮುತ್ತಯ್ಯನನ್ನು ಇಟ್ಟುಕೊಂಡು ತಾನೇ ಸ್ಕ್ರೂಡ್ರೈವರ್ ಹಿಡಿದಳು. ಪಕ್ಕದಲ್ಲಿ ಲೋಹದ ಹಿಡಿಕೆ ಪ್ಲಾಸ್ಟಿಕ್ ಚೀಲದಲ್ಲಿತ್ತು. ಬೆರಳು ಬಿಚ್ಚುವ ಮುಂಚೆ ದಾರ ಕತ್ತರಿಸಬೇಕು. ಬ್ಲೇಡು ತಾಗಿದ್ದೇ ತಡ, ನೂಲು ಟಿಣ್ಣೆಂದು ಹಾರಿತು. ವೀಣೆಯ ತಂತಿ ಕಿತ್ತ ಹಾಗೆ.

ಸುವರ್ಣಮ್ಮ ಕುರ್ಚಿಯಿಂದ ಎದ್ದು ಬಂದರು. ಸಂಜೆ ತಾವು ಕಟ್ಟುವಾಗ ಆ ನೂಲು ಅಷ್ಟು ಬಿಗಿಯಾಗಿರಲಿಲ್ಲ. ತುಂಡಾದ ತುದಿಯನ್ನು ಬೆರಳಲ್ಲಿ ಹಿಡಿದರು. ಕೈ ತನ್ನಷ್ಟಕ್ಕೆ ನಾಲಿಗೆಯ ಕಡೆ ಹೋಯಿತು. ಅಲ್ಲೇ ನಿಂತಿತು. ಅವರ ಕಣ್ಣ ಮುಂದೆ ತಂದೆಯ ಕೊಟ್ಟಿಗೆಯಲ್ಲಿ ನೂಲು ಸುತ್ತುವ ದೊಡ್ಡ ರಾಟೆ ಬಂತು. ಒದ್ದೆಯಾಗಿ ಸುತ್ತಿದ ಲಡಿ ಒಣಗಿದ ಮೇಲೆ ಅದನ್ನು ಸುಮ್ಮನೆ ಎಳೆದು ತೆಗೆಯಲು ಆಗುತ್ತಿರಲಿಲ್ಲ. ಮರವನ್ನು ಅಷ್ಟು ಬಿಗಿದು ಹಿಡಿದಿರುತ್ತಿತ್ತು. ರಾಟೆಯ ಒಂದು ಕಡ್ಡಿಯನ್ನು ಮರದ ಕೊಡತಿಯಿಂದ ತಟ್ಟಿ ಒಳಕ್ಕೆ ಮಡಚಿದರೆ ಮಾತ್ರ ಲಡಿ ಸಡಿಲವಾಗುತ್ತಿತ್ತು. ಆ ಕಡ್ಡಿಯನ್ನು ತಟ್ಟುವುದು ಅವರ ಬಾಲ್ಯದ ದೊಡ್ಡ ಸಂಭ್ರಮವಾಗಿತ್ತು.

"ಪ್ರೇಮಾ, ಬಿಚ್ಚಬೇಡ," ಎಂದರು. "ನಾಗೂ, ಶಿವರಾಜು, ಇಲ್ಲಿ ಬನ್ನಿ. ಈ ತಪ್ಪು ಪ್ರೇಮಾದಲ್ಲ. ನಂದು."

ಮೂವರೂ ಅವರ ಮುಖ ನೋಡಿದರು.

"ನಾನು ನೂಲನ್ನು ಒದ್ದೆ ಮಾಡಿ ಕಟ್ತೀನಿ. ನಮ್ಮ ಕೊಟ್ಟಿಗೆಯಲ್ಲಿ ಎಲ್ಲರೂ ಹಾಗೇ ಕಟ್ತಿದ್ರು, ಒಣಗಿದ ರೇಷ್ಮೆಯ ಗಂಟು ಜಾರುತ್ತೆ ಅಂತ. ನೀವು ಸಂಜೆ ಅಳೆದಾಗ ಅದು ಹಸಿ. ಬೆಳಗಾಗೋದರೊಳಗೆ ಒಣಗಿ ಬಿಗಿಯುತ್ತೆ. ಇವತ್ತು ಬಸ್ಸಿನ ಬಿಸಿಲಲ್ಲಿ ಇನ್ನೂ ಬಿಗಿದಿದೆ."

"ಅಷ್ಟಕ್ಕೇ ಮೊಟ್ಟೆ ಒಡೆದೋಗುತ್ತಾ ಅಜ್ಜಿ?" ನಾಗಶ್ರೀಗೆ ನಂಬಿಕೆ ಬರಲಿಲ್ಲ.

ಶಿವರಾಜು ಒಂದು ತೆಳು ಪ್ಲಾಸ್ಟಿಕ್ ಪಟ್ಟಿ ತಂದ. ಸುವರ್ಣಮ್ಮ ನೂಲನ್ನು ಒದ್ದೆ ಮಾಡಿ, ಬಿಲ್ಲಿಗೆ ಹೆದೆ ಕಟ್ಟಿದಂತೆ ಪಟ್ಟಿಯ ಎರಡು ತುದಿಗೆ ಕಟ್ಟಿದರು. ಅದನ್ನು ಮಂಟಪದ ಮೆಟ್ಟಿಲ ಬಿಸಿಲಿನಲ್ಲಿಟ್ಟು ನಾಲ್ವರೂ ಸುತ್ತ ಕುಕ್ಕರಗಾಲಲ್ಲಿ ಕೂತರು. ಮೊದಲು ಏನೂ ಆಗಲಿಲ್ಲ. ಆಮೇಲೆ, ಯಾರೂ ಮುಟ್ಟದೆ, ಪಟ್ಟಿಯ ಬೆನ್ನು ಕೂದಲೆಳೆಯಷ್ಟು ಬಾಗಿತು. ಇನ್ನಷ್ಟು ಬಾಗಿತು. ಅದರ ನೆರಳು ಕಲ್ಲಿನ ಮೇಲೆ ನಿಧಾನವಾಗಿ ಡೊಂಕಾಗುವುದನ್ನು ಅವರು ಬಗ್ಗಿ ನೋಡಿದರು.

"ಹುಳ ಸತ್ತು ನಮ್ ತಾತನ ಕಾಲ ಆಯ್ತು," ಎಂದ ಶಿವರಾಜು ಮೆಲ್ಲಗೆ. "ಇದು ಇನ್ನೂ ಎಳೀತಾ ಕೂತದಲ್ಲ ಅಜ್ಜಿ."

ನಾಗಶ್ರೀಯ ಕಿವಿ ಕೆಂಪಾಗಿತ್ತು.

"ಹಾಗಾದ್ರೆ ಒಣ ನೂಲಲ್ಲೇ ಕಟ್ಟೋಣ," ಎಂದರು ಸುವರ್ಣಮ್ಮ. ಕಟ್ಟಿ ನೋಡಿದರೆ ಗಂಟು ಜಾರಿತು. ಮತ್ತೆ ಕಟ್ಟಿದರು, ಮತ್ತೆ ಜಾರಿತು. ಮೂರನೆಯ ಸಲ ಅವರಿಗೆ ಅರಿವಿಲ್ಲದೆ ತುದಿ ನಾಲಿಗೆಗೆ ತಾಗಿಯೇಬಿಟ್ಟಿತು. ನಾಗಶ್ರೀಯ ಕಣ್ಣು ಲೋಹದ ಹಿಡಿಕೆಯ ಕಡೆ ಹೋಯಿತು. ಎಲ್ಲರ ಕಣ್ಣೂ ಹೋಯಿತು.

ಆಗ ಪ್ರೇಮಾ ಮಾತಾಡಿದಳು. "ಅಜ್ಜಿ, ನೀವು ನಿಮ್ಮಂಗೇ ಕಟ್ಟಿ. ಒದ್ದೆ ಮಾಡೇ ಕಟ್ಟಿ. ಒಣಗಾಗಂಟ ಕಾಯಮು. ಅದು ಎಷ್ಟ್ ಬಿಗೀಬೇಕೋ ಅಷ್ಟೂ ಬಿಗೀಲಿ. ಅದ್ರ ಸಿಟ್ಟೆಲ್ಲಾ ತೀರುದ್ ಮ್ಯಾಕೆ ನಾನು ಸ್ಕ್ರೂನಲ್ಲಿ ಸಡ್ಲ ಮಾಡಿ ಅಳತೆ ಮಾಡ್ತೀನಿ. ಆಗ ಇನ್ನ್ ಬಿಗಿಯಕ್ಕೆ ಅದ್ರತ್ರ ಏನೂ ಇರಕಿಲ್ಲ."

ಅಷ್ಟು ಉದ್ದದ ಮಾತನ್ನು ಅವಳ ಬಾಯಿಂದ ಅವರು ಕೇಳಿರಲಿಲ್ಲ. ಸುವರ್ಣಮ್ಮ ಅವಳನ್ನೇ ನೋಡಿದರು. ಇಡೀ ಕೊಟ್ಟಿಗೆಯ ಹೆಂಗಸರು, ತಂದೆ, ತಾವು, ಎಲ್ಲರೂ ನೂಲಿನ ಈ ಗುಣವನ್ನು ಕಂಡವರೇ. ಹೀಗೆ ಅದನ್ನು ಕಾದು ಕೂತು, ದಣಿಸಿ, ಆಮೇಲೆ ಕೆಲಸಕ್ಕೆ ಕರೆಯುವುದು ಯಾರಿಗೂ ಹೊಳೆದಿರಲಿಲ್ಲ. ಹೊಳೆಯಬೇಕಾದ ಅಗತ್ಯವೂ ಬಿದ್ದಿರಲಿಲ್ಲ ಅನ್ನಿ.

ನಾಗಶ್ರೀ ಹಿಡಿಕೆಯ ಚೀಲವನ್ನು ಎತ್ತಿ ಕುಕ್ಕೆಯ ತಳಕ್ಕೆ ಹಾಕಿದಳು. "ಹೊತ್ತಾಗುತ್ತೆ. ಊಟಕ್ಕೆ ಹೋದ್ರೆ ಆಗಲ್ಲ," ಎಂದಳು ಅಷ್ಟೇ.

ಸುವರ್ಣಮ್ಮ ಕಟ್ಟಿದರು. ಒಣಗಲು ಗಾಳಿ ಬೇಕಿತ್ತು. ಹಾಲಿನ ನಡುವೆ ಒಂದು ದೊಡ್ಡ ನಿಲುಫ್ಯಾನು ತೀರ್ಪುಗಾರರ ಕಡೆ ಬೀಸುತ್ತಿತ್ತು. ಯಾರೂ ಕೇಳಿರಲಿಲ್ಲ, ಗುರುಪಾದಸ್ವಾಮಿ ದೂರದಿಂದಲೇ ಇವರನ್ನು ನೋಡುತ್ತಿದ್ದವರು, ಬಂದು ಅದರ ಕತ್ತು ಹಿಡಿದು ಮುತ್ತಯ್ಯನ ಕಡೆ ತಿರುಗಿಸಿ ಹೋದರು. ತೀರ್ಪುಗಾರರಲ್ಲಿ ಒಬ್ಬ ಮೇಡಂ ತಲೆಯೆತ್ತಿ ನೋಡಿ, ಹಾರುತ್ತಿದ್ದ ಕಾಗದ ಹಾರುವುದು ನಿಂತಿತೆಂದು ಸಂತೋಷಪಟ್ಟರು. ಊಟದ ಹಾಲಿನಿಂದ ಸಾರಿನ ಒಗ್ಗರಣೆಯ ಘಮ ಬಂತು, ಎಲೆ ಹಾಸುವ ಸದ್ದು ಬಂತು, ಕೊನೆಗೆ ಎಲೆ ಎತ್ತುವ ಸದ್ದೂ ಬಂತು. ನಾಲ್ವರೂ ನೂಲನ್ನು ಕಾಯುತ್ತ ಕೂತಿದ್ದರು. ಪ್ರೇಮಾ ಆಗಾಗ ಅದನ್ನು ಉಗುರಿನಿಂದ ಮೀಟುತ್ತಿದ್ದಳು. ಪ್ರತಿ ಸಲವೂ ಸ್ವರ ಒಂದಿಷ್ಟು ಏರುತ್ತಿತ್ತು. ಏರಿ ಏರಿ ಒಂದು ಕಡೆ ನಿಂತಿತು. ಮತ್ತೆ ಮೀಟಿದಳು. ಅದೇ ಸ್ವರ.

"ತೀರ್ತು," ಎಂದಳು.

ಸ್ಕ್ರೂ ಸಡಿಲಿಸಿ, ತಾವು ತಂದಿದ್ದರಲ್ಲಿ ಉಳಿದಿದ್ದ ಒಂದೇ ಮೊಟ್ಟೆಯ ಮೇಲೆ ಬೆರಳುಗಳನ್ನು ಅಳೆದಳು. ನಾಗಶ್ರೀ ಈ ಕಡೆ ಲ್ಯಾಪ್‌ಟಾಪಿನಲ್ಲಿ ಏನೋ ಬೇಗ ಬೇಗ ಬದಲಾಯಿಸುತ್ತಿದ್ದಳು. ಏನೆಂದು ಯಾರೂ ಕೇಳಲಿಲ್ಲ.

ಎರಡನೆಯ ಸುತ್ತಿನಲ್ಲಿ ಮೊಟ್ಟೆಗಳನ್ನು ಗೂಡಿನಲ್ಲಿಡಲು ಪ್ರೇಮಾ ಮುಂದೆ ಹೋದಾಗ ನಾಗಶ್ರೀ ಅವಳನ್ನು ತಡೆದಳು. "ನೀನು ಕೈ ಹತ್ರ ಇರು," ಎಂದು ಸ್ಪರ್ಧೆಯವರ ತಟ್ಟೆಯಿಂದ ಒಂದೊಂದೇ ಮೊಟ್ಟೆ ಎತ್ತಿ ತಾನೇ ಇಟ್ಟಳು. ಮೊದಲನೆಯದನ್ನು ಎತ್ತುವಾಗ ಅವಳ ಮುಖದಲ್ಲಿ ಮೂಡಿದ ಅಚ್ಚರಿಯನ್ನು ಸುವರ್ಣಮ್ಮ ಗುರುತಿಸಿದರು. ಅದರ ಭಾರಕ್ಕೆ ತಾವೂ ಹೀಗೇ ಬೆರಗಾಗಿದ್ದರು.

ಮುತ್ತಯ್ಯ ಹೊರಟ. ನಿಧಾನಕ್ಕೆ, ಬಹಳ ನಿಧಾನಕ್ಕೆ. ಗೂಡಿನ ಮುಂದೆ ನಿಂತು ಬಗ್ಗಿದ. ಅಡುಗೆಯವರು ಒದ್ದೆ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಿದ್ದರು. ಬೆರಳುಗಳು ಇಳಿದವು, ಮುಚ್ಚಿದವು, ರಬ್ಬರು ತುದಿ ಚಿಪ್ಪಿಗೆ ತಾಗಿತು. ತಾಗಿ, ನಿಂತಿತು. ಅಲ್ಲಿಂದ ಮುಂದಕ್ಕೆ ಒಂದು ಕೂದಲಷ್ಟೂ ಹೋಗಲಿಲ್ಲ. ಮೊಟ್ಟೆ ಗೂಡು ಬಿಟ್ಟು ಎದ್ದಿತು.

ಹಾಲಿನಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಬೇರೆ ರೋಬೋಟುಗಳಿಗೆ ತಟ್ಟಿದವರು ಇದಕ್ಕೆ ಮರೆತರು. ಹುಳು ತನ್ನನ್ನು ತಾನು ಮುಚ್ಚಿಕೊಳ್ಳಲು ಬಾಯಿಂದ ಬಿಟ್ಟ ಎಳೆ, ಎಷ್ಟೋ ವರ್ಷ ಟ್ರಂಕಿನಲ್ಲಿ ಮಲಗಿದ್ದ ಎಳೆ, ಈಗ ಇನ್ನೊಂದು ಜೀವದ ಗೂಡನ್ನು ಗಾಳಿಯಲ್ಲಿ ಎತ್ತಿ ಹಿಡಿದಿತ್ತು. ಕೌದಳ್ಳಿಯ ಕೋಳಿಯೊಂದು ಕೊಂಬೆಯ ಮೇಲೆ ನಿದ್ದೆ ಮಾಡುವುದನ್ನು ಒಬ್ಬ ಹುಡುಗಿ ಸರಿಯಾಗಿ ನೋಡಿದ್ದರಿಂದ ಇದಾಯಿತು. ಸುವರ್ಣಮ್ಮನಿಗೆ ಕಣ್ಣು ಮಂಜಾಯಿತು. ದೇವರ ಮನೆಯಲ್ಲೂ ಅವರು ಇಷ್ಟು ಸುಮ್ಮನೆ ಕೈ ಜೋಡಿಸಿ ಕೂತದ್ದು ಕಡಿಮೆ.

ಒಂದು ಮೊಟ್ಟೆ ಬುಟ್ಟಿ ಸೇರಿತು. ಎರಡನೆಯದೂ ಸೇರಿತು. ಮೂರನೆಯದನ್ನು ಎತ್ತಿಕೊಂಡು ಅರ್ಧ ದಾರಿ ಬಂದಾಗ ಸಮಯ ಮುಗಿದ ಗಂಟೆ ಬಾರಿಸಿತು. ನಾಗಶ್ರೀ ಒತ್ತಿ ನಿಲ್ಲಿಸಿದಳು. ಮುತ್ತಯ್ಯ ನಿಂತಲ್ಲೇ ನಿಂತ, ಮೊಟ್ಟೆಯನ್ನು ಮುಂದಕ್ಕೆ ಚಾಚಿ ಹಿಡಿದುಕೊಂಡು, ಯಾರಾದರೂ ತೆಗೆದುಕೊಳ್ಳಲಿ ಎಂಬಂತೆ. ತೀರ್ಪುಗಾರ ಮೇಡಂ ಎದ್ದು ಬಂದು ಬಗ್ಗಿ ನೋಡಿದರು.

"ಯಾವ ದಾರ ಇದು?"

"ರೇಷ್ಮೆ ಮೇಡಂ," ಎಂದ ಶಿವರಾಜು.

"ಕೈ ಮಾಡಿದ್ದು ಯಾರು?"

ಪ್ರೇಮಾ ಬಾಯಿ ತೆರೆಯುವ ಮೊದಲೇ ನಾಗಶ್ರೀ ಹೇಳಿದಳು. "ಇವಳು ಮೇಡಂ. ಪ್ರೇಮಾ ಅಂತ. ಪೂರ್ತಿ ಇವಳದ್ದೇ."

ಮೇಡಂ ಮೊಟ್ಟೆಯ ಸುತ್ತ ಇದ್ದ ಬೆರಳುಗಳನ್ನು ಮತ್ತೊಮ್ಮೆ ನೋಡಿದರು, ಆಮೇಲೆ ಪ್ರೇಮಾಳ ಬೆರಳುಗಳನ್ನು ನೋಡಿದರು.

ಫಲಿತಾಂಶ ಹಲಗೆಯ ಮೇಲೆ ಬಂತು. ಮೂರು ತಂಡ ಮುಂದಿನ ಸ್ಪರ್ಧೆಗೆ ಹೋಗುತ್ತವೆ, ಇವರದ್ದು ನಾಲ್ಕನೆಯದು. ಆ ಮೂರನೆಯ ಮೊಟ್ಟೆ ಬುಟ್ಟಿ ಸೇರಿದ್ದರೆ ಹೋಗುತ್ತಿದ್ದರು.

"ಬೆಳಿಗ್ಗೆ ಇಷ್ಟು ನಿಧಾನ ಇರ್ಲಿಲ್ವಲ್ಲ ಮುತ್ತಯ್ಯ," ಎಂದ ಶಿವರಾಜು. "ವಸಿ ಜೋರಾಗಿ ಓಡಿದ್ರೆ..."

"ನಾನೇ ವೇಗ ಕಮ್ಮಿ ಮಾಡಿದ್ದು," ಎಂದಳು ನಾಗಶ್ರೀ. "ಕೈ ಮೊಟ್ಟೆ ಹಿಡಿಯಲ್ಲ ಅಂತ ಭಯ ಆಯ್ತು. ನಿಮ್ಮನ್ನ ಕೇಳ್ಲಿಲ್ಲ."

ಶಿವರಾಜು ಏನೋ ಹೇಳಹೊರಟ. ಪ್ರೇಮಾ ಅವನ ತೋಳನ್ನು ಮೆಲ್ಲಗೆ ಮುಟ್ಟಿದಳು. ಅವನು ಗೆದ್ದ ರೋಬೋಟನ್ನು ನೋಡಿ ಬರುತ್ತೇನೆಂದು ಎದ್ದು ಹೋದ. ಪ್ರೇಮಾ ಮುತ್ತಯ್ಯನನ್ನು ವೇದಿಕೆಯ ಮೆಟ್ಟಿಲಿಗೆ ಒಯ್ದು, ಅವನ ಕೈಗೆ ಭಾರವಾಗದಿರಲೆಂದು ದಾರದ ಸ್ಕ್ರೂ ಸಡಿಲಿಸುತ್ತ ಕೂತಳು.

ಊಟದ ಹಾಲು ತೊಳೆದು ಬಾಗಿಲು ಹಾಕಿದ್ದರು. ಉಳಿದದ್ದು ಸೊಸೆ ಅಜ್ಜಿಗೂ ಮೊಮ್ಮಗಳಿಗೂ ಎಂದು ಕಟ್ಟಿದ್ದ ಒಂದೇ ಡಬ್ಬಿ. ನಾಗಶ್ರೀ ಅದನ್ನು ಚೀಲದಿಂದ ತೆಗೆದು ಅಜ್ಜಿಯ ಮುಖ ನೋಡಿದಳು. ಸುವರ್ಣಮ್ಮ ತಮಗೆ ಹಸಿವಿಲ್ಲವೆಂದು ತಲೆಯಾಡಿಸಿದರು. ಅವಳು ಹೋಗಿ ಪ್ರೇಮಾಳ ಪಕ್ಕದ ಮೆಟ್ಟಿಲಲ್ಲಿ ಕೂತಳು. ಮುಚ್ಚಳ ತೆಗೆದು, ಅಕ್ಕಿರೊಟ್ಟಿಯ ಮೇಲೆ ಹುಚ್ಚೆಳ್ಳಿನ ಚಟ್ನಿ ಸರಿಸಿಟ್ಟು, ಡಬ್ಬಿ ಚಾಚಿದಳು.

"ಕೈಯೆಲ್ಲಾ ಗ್ರೀಸು ಕಣಮ್ಮಿ," ಎಂದಳು ಪ್ರೇಮಾ.

ನಾಗಶ್ರೀ ಡಬ್ಬಿಯನ್ನು ಕೆಳಗಿಟ್ಟು, ನೀರಿನ ಬಾಟಲಿ ತೆರೆದು, ಅವಳ ಎರಡೂ ಕೈಗೆ ನೀರು ಹಾಕಿದಳು. ಗ್ರೀಸು ಹೋಗುವ ತನಕ ಹಾಕಿದಳು. ತನ್ನ ದುಪಟ್ಟಾದ ತುದಿ ಕೊಟ್ಟಳು, ಒರೆಸಿಕೊಳ್ಳಲಿ ಎಂದು. ಆಮೇಲೆ ಡಬ್ಬಿಯನ್ನು ಎತ್ತಿ ಅವಳ ಕೈಯಲ್ಲಿಟ್ಟಳು.